ರಜೆಗೆ ಬಂದ ಮೊಮ್ಮಕ್ಕಳು

ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದು ಪಟಾನ್‌ಚೆರು, ಸದಾಶಿವಪೇಟೆಗಳನ್ನು ದಾಟಿ ಜಹೀರಾಬಾದಿನಲ್ಲಿ ಇಳಿದವರು, ಅಲ್ಲಿಂದ ಉತ್ತರಕ್ಕೆ ಹೊರಳಿದರೆ ನಮ್ಮ ನ್ಯಾಲ್ಕಲ್ ಸಿಗುತ್ತದೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಈ ದಾರಿಯ ಬಸ್ಸುಗಳನ್ನು ನೋಡಬೇಕು. ಪ್ರತಿ ಕಿಟಕಿಯಲ್ಲೂ ಒಂದೆರಡು ಮಕ್ಕಳ ಮುಖ. ದುಡಿಮೆಗಾಗಿ ಪಟ್ಟಣ ಸೇರಿದವರ ಮಕ್ಕಳು, ಶಾಲೆ ಮುಚ್ಚಿದೊಡನೆ ಹಳ್ಳಿಯ ಹಿರಿಯರ ಮನೆಗೆ ಬರುತ್ತಾರೆ. 2025ರಲ್ಲಿ ಏಪ್ರಿಲ್ 24ಕ್ಕೆ ರಜೆ ಆರಂಭವಾಯಿತು; ನಮ್ಮ ಮಗಳ ಮಕ್ಕಳಿಬ್ಬರೂ ಮೂರನೆಯ ದಿನವೇ ಬಂದಿಳಿದರು. ಮೊಮ್ಮಗಳಿಗೆ ಹತ್ತು ವರ್ಷ, ಮೊಮ್ಮಗನಿಗೆ ಏಳು.

ಬಂದ ರಾತ್ರಿಯೇ ಒಂದು ಸಂಗತಿ ನಡೆಯಿತು. ಹುಡುಗನಿಗೆ ಹೊಟ್ಟೆನೋವು. ನಾವು ಊರ ಹಿರಿಯರೊಬ್ಬರ ಮನೆಗೆ ಹೋಗಿದ್ದೆವು. ಅವನು ತೆಲುಗಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಅಳುತ್ತ ಏನೇನೋ ಹೇಳಿದನಂತೆ. ನಮ್ಮ ಮನೆಯವರ ತವರು ಔರಾದ ಸೀಮೆ. ಅವರ ತೆಲುಗು ಸಂತೆಯ ವ್ಯಾಪಾರಕ್ಕೆ ಸಾಲುವಷ್ಟೇ. ಹಸಿವೆಂದು ತಿಳಿದು, "ಉಣ್ಣು ಬಾ ಕೂಸಾ, ಯಾಕ ಒಲ್ಲಿ?" ಎಂದು ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟರಂತೆ. ನಾವು ಮರಳಿ ಬಂದು ಓಮದ ನೀರು ಕುಡಿಸಿದ ಮೇಲೆ ಹುಡುಗ ಮಲಗಿದ. ಆಕೆ ಮಾತ್ರ ಮಲಗಲಿಲ್ಲ. "ನನ್ನ ಮಾತೇ ಇವಕ್ಕ ತಿಳಿಯಂಗಿಲ್ಲ. ನಾ ಸತ್ತ ಮ್ಯಾಗ ಇವು ನನ್ನ ಏನಂತ ನೆನಸ್ತಾವು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಊರವರ ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಿದ ನಾವು, ನಮ್ಮ ಮಗಳು ತನ್ನ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದಾಗ ಒಂದು ಮಾತನ್ನೂ ಆಡಿರಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆಯೆಂದು ಸುಮ್ಮನಾಗಿದ್ದೆವು.

ಮರುದಿನ ಮೊಮ್ಮಗಳೇ ಕೇಳಿದಳು: "ತಾತಾ, ಇದು ತೆಲಂಗಾಣ. ನೀವು ಕನ್ನಡ ಏಕೆ ಮಾತಾಡ್ತೀರಿ?"

ಶಿಕ್ಷಕನಿಗೆ ಇಂತಹ ಪ್ರಶ್ನೆ ಹಬ್ಬದ ಊಟವಿದ್ದಂತೆ. ಸಗಣಿ ಸಾರಿಸಿದ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ನಕ್ಷೆ ಬರೆದೆವು. 1956ರ ಅಕ್ಟೋಬರ್ ಕೊನೆಯವರೆಗೆ ನ್ಯಾಲ್ಕಲ್ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ, ಬೀದರ ತಾಲೂಕಿನ ಒಂದು ಸರ್ಕಲ್ಲು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ತಾಲೂಕು ಮೈಸೂರಿಗೆ ಹೋಯಿತು. ಅದರಿಂದ ನ್ಯಾಲ್ಕಲ್ ಸರ್ಕಲ್ಲನ್ನು ಬಿಡಿಸಿ ಆಂಧ್ರಪ್ರದೇಶಕ್ಕೆ ಕೊಟ್ಟರು. ಜಹೀರಾಬಾದ್ ತಾಲೂಕು ಆಂಧ್ರಕ್ಕೆ ಬಂದರೂ ಅದರ ನಿರ್ಣಾ ಸರ್ಕಲ್ಲು ಮೈಸೂರಿಗೆ ಉಳಿಯಿತು. ನಾರಾಯಣಖೇಡ, ತಾಂಡೂರುಗಳೂ ನಮ್ಮೊಡನೆ ಈಚೆಗೆ ಬಂದವು. ರಾಜಧಾನಿ ಮಾತ್ರ ಅಂದೂ ಹೈದರಾಬಾದೇ, ಇಂದೂ ಹೈದರಾಬಾದೇ. ಕಚೇರಿ ಕೆಲಸಕ್ಕೆ ಬೀದರಕ್ಕೆ ಹೋಗುತ್ತಿದ್ದವರು ಸಂಗಾರೆಡ್ಡಿಗೆ ಹೋಗತೊಡಗಿದರು, ಅಷ್ಟೇ. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಮೆದಕ್ ಜಿಲ್ಲೆ ಒಡೆದು ಸಂಗಾರೆಡ್ಡಿ ಜಿಲ್ಲೆಯಾಯಿತು. ಇಷ್ಟನ್ನೂ ಕೇಳಿದ ಹುಡುಗಿ, "ಹಾಗಾದರೆ ಮನೆ ಎಲ್ಲೂ ಹೋಗಲಿಲ್ಲ, ಊರೇ ಓಡಾಡಿತು" ಎಂದು ನಕ್ಕಳು. ನಮ್ಮ ಇಲಾಖೆಯ ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಚೆನ್ನಾದ ವಾಕ್ಯವನ್ನು ನಾವು ಓದಿಲ್ಲ.

ಅಂದಿನಿಂದ ಪಾಠ ಬೇರೆ ದಾರಿ ಹಿಡಿಯಿತು. ಅಕ್ಷರಮಾಲೆಯನ್ನು ನಾವು ಕಲಿಸಲಿಲ್ಲ. ತೆಲುಗಿನ ಪಾಲು ಕನ್ನಡದಲ್ಲಿ ಹಾಲು, ಪುಲಿ ಹುಲಿ, ಪಾಮು ಹಾವು, ಪಂದಿ ಹಂದಿ ಎಂದು ತೋರಿಸಿದೆವು. ಕನ್ನಡವೂ ಹಿಂದೆ ಪಾಲು, ಪುಲಿ ಎಂದೇ ಹೇಳುತ್ತಿತ್ತು, ಕಾಲಕ್ರಮದಲ್ಲಿ ಪಕಾರ ಹಕಾರವಾಯಿತು ಎಂದು ತಿಳಿಸಿದೆವು. ಮಕ್ಕಳಿಗೆ ಬೀಗದ ಕೈ ಸಿಕ್ಕಂತಾಯಿತು. ಕಂಡ ಕಂಡ ತೆಲುಗು ಮಾತಿನ ಪಕಾರವನ್ನೆಲ್ಲ ಹಕಾರ ಮಾಡಿ ಅಜ್ಜಿಯ ಮುಂದೆ ಒಪ್ಪಿಸುವುದೇ ಆಟ. ಪಪ್ಪು ಎಂಬುದನ್ನು 'ಹಪ್ಪು' ಎಂದು ಬಡಿಸೆಂದಾಗ ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಬ್ಯಾಳಿ ಅನ್ನಬೇಕವ್ವ" ಎಂದು ತಿದ್ದಿದರು. ಆಮೇಲೆ ಗುರುಗಳು ಅವರೇ. ಜರಾ, ಜಲ್ದಿ, ಬರಾಬರ್ ಎಂಬ ಉರ್ದು ಮಾತುಗಳೂ ಆ ಪಾಠದೊಳಗೆ ಬಂದವು. ಅವನ್ನು ಬಿಟ್ಟರೆ ನಮ್ಮ ಸೀಮೆಯ ಕನ್ನಡ ಸಪ್ಪೆ. ಲಿಪಿಯ ಕಷ್ಟವೂ ಹೆಚ್ಚಿರಲಿಲ್ಲ. ತೆಲುಗು ಬಲ್ಲವರಿಗೆ ಕನ್ನಡದ ತಲೆಕಟ್ಟು, ಕೆಲವೇ ಅಕ್ಷರಗಳ ತಿರುವು, ಇಷ್ಟು ಹೊಸದು. ಒಂದು ದಿನ ಜಹೀರಾಬಾದಿನಲ್ಲಿ ಕರ್ನಾಟಕದ ಬಸ್ಸಿನ ಹಲಗೆ ನೋಡಿ ಹುಡುಗಿ "ಬೀದರ" ಎಂದು ಗಟ್ಟಿಯಾಗಿ ಓದಿದಾಗ, ಸುತ್ತಲಿನವರು ತಿರುಗಿ ನೋಡಿದರು.

ಸಂಜೆ ಹೊಲಕ್ಕೆ ಹೋಗುತ್ತಿದ್ದೆವು. ಮೇ ತಿಂಗಳ ಕರಿಮಣ್ಣು ಬಾಯಿ ಬಿಟ್ಟಿರುತ್ತದೆ. ಹುಡುಗ ಬಿರುಕಿನಲ್ಲಿ ಕೋಲು ಇಳಿಸಿ ಆಳ ನೋಡುತ್ತಿದ್ದ. "ಮುಂದಿನ ವರ್ಷವೂ ಈ ಹೊಲ ಇರುತ್ತದೆಯೇ?" ಎಂದು ಒಮ್ಮೆ ಕೇಳಿದ. ಕಟ್ಟೆಯ ಮೇಲಿನ ಮಾತು ಅವನ ಕಿವಿಗೆ ಬಿದ್ದಿರಬೇಕು. ಕೈಗಾರಿಕಾ ವಲಯಕ್ಕೆಂದು ನ್ಯಾಲ್ಕಲ್, ಝರಾಸಂಗಮ ಮಂಡಲಗಳಲ್ಲಿ 12,600 ಎಕರೆಗೂ ಮಿಕ್ಕ ಭೂಮಿಯನ್ನು ಗೊತ್ತುಮಾಡಿದ್ದಾರೆ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಹನ್ನೆರಡು ಕೈಗಾರಿಕಾ ನಗರಗಳಲ್ಲಿ ಜಹೀರಾಬಾದವೂ ಒಂದು. ಕಾರ್ಖಾನೆ ಬಂದರೆ ಮಕ್ಕಳ ತಂದೆತಾಯಿ ಊರಿಗೆ ಮರಳಬಹುದೆಂದು ಕೆಲವರೆನ್ನುತ್ತಾರೆ. ಮರಳಿದವರಿಗೆ ಹೊಲವೆಲ್ಲಿ ಎಂದು ಕೆಲವರು. ನಮ್ಮ ನಾಲ್ಕು ಎಕರೆ ಸದ್ಯಕ್ಕೆ ಆ ಗೆರೆಯ ಹೊರಗಿದೆ. "ಇರುತ್ತದೆ" ಎಂದೆವು. ಹೇಳುವಾಗ ದನಿ ತಗ್ಗಿತ್ತು.

ಕಾರಹುಣ್ಣಿಮೆ ಆ ವರ್ಷ ಜೂನ್ 11ರವರೆಗೆ ಬಿದ್ದಿತು; ಶಾಲೆ 12ಕ್ಕೆ. ಎತ್ತುಗಳ ಮೆರವಣಿಗೆ ನೋಡುವ ಭಾಗ್ಯ ಮಕ್ಕಳಿಗಿರಲಿಲ್ಲ. ಕೋಳಿ ಕೂಗುವಾಗಲೇ ಎದ್ದು ಎತ್ತಿನ ಕೋಡಿಗೆ ಕೆಂಪು ಬಣ್ಣ ಹಚ್ಚಿ, ಕೈ ತೊಳೆಯುವಷ್ಟರಲ್ಲಿ ಬಸ್ಸು ಬಂತು. ಏರುವಾಗ ಹುಡುಗ, "ಆಯಿ, ಹೋಗಿ ಬರ್ತೀನಿ" ಎಂದ. ಬಂದಾಗ 'ಅಮ್ಮಮ್ಮ' ಎನ್ನುತ್ತಿದ್ದವನು.

ಮನೆಗೆ ಮರಳಿದಾಗ ದನದ ಕೊಟ್ಟಿಗೆಯ ಬಾಗಿಲ ಮೇಲೆ ಅದೇ ಬಣ್ಣದ ಬರಹ ಕಂಡಿತು. ನಮ್ಮ ಮನೆಯವರು ಶಾಲೆಯ ಮುಖ ಕಂಡವರಲ್ಲ. "ಏನು ಬರದಾಳ ನೋಡ್ರಿ" ಎಂದರು.

"ಆಯಿ ಅಂತ."

"ನಮ್ಮ ಅಕ್ಷರದಾಗೋ, ತೆಲುಗಿನಾಗೋ?"

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆವು. ಆ ಎರಡಕ್ಷರಗಳಲ್ಲಿ ಕನ್ನಡಕ್ಕೂ ತೆಲುಗಿಗೂ ಭೇದ ಬಲು ಕಡಮೆ. ಬಣ್ಣ ಬೇರೆ ಸುರಿದಿತ್ತು. ಹೇಳಲಾಗಲಿಲ್ಲ. ಬರಹ ಇನ್ನೂ ಹಾಗೆಯೇ ಇದೆ. ಆ ಬಾಗಿಲಿಗೆ ಸುಣ್ಣಬಣ್ಣ ಮುಟ್ಟಿಸಲು ಆಕೆ ಬಿಡುತ್ತಿಲ್ಲ.