ಸೂರ್ಯನ ಹೆಗಲ ಮೇಲೊಂದು ಒಂಬತ್ತು

ಬರೆದದ್ದನ್ನು ಬೇರೆ ದನಿಯಲ್ಲಿ ಕೇಳುವುದಕ್ಕಿಂತ ದೊಡ್ಡ ಸುಖ ಬ್ಲಾಗು ಬರೆಯುವವರಿಗೆ ಇನ್ನೊಂದಿಲ್ಲ. ನನಗೀಗ ಅದು ಸಂಜೆ ಸಂಜೆಯೂ ಸಿಗುತ್ತಿದೆ. ಫೋನನ್ನು ಅಡುಗೆಕಟ್ಟೆಯ ಗೋಡೆಗೆ ಒರಗಿಸಿ, ಅವತ್ತಿನ ಟಿಪ್ಪಣಿಯನ್ನು ಅದರಿಂದಲೇ ಓದಿಸುತ್ತಾ ಹುರುಳಿಕಾಯಿಯ ನಾರು ತೆಗೆಯುತ್ತೇನೆ. ಕಾಯಿ ಮುಗಿಯುವಷ್ಟರಲ್ಲಿ ಬರಹದ ನಾರೂ ಕೈಗೆ ಬಂದಿರುತ್ತದೆ.

ಇದನ್ನು ಹೇಳಿದರೆ ಬರೆಯುವ ಗೆಳತಿಯರು ಮೂಗು ಮುರಿಯುತ್ತಾರೆ. ‘ಆ ಯಂತ್ರದ ದನಿಯಲ್ಲಿ ಭಾವ ಎಲ್ಲಿದೆ?’ ಎಂದು ಕೇಳುತ್ತಾರೆ. ಭಾವ ಇಲ್ಲದ್ದೇ ಅದರ ಗುಣ. ಗೆಳತಿಯ ಕೈಗೆ ಕೊಟ್ಟರೆ, ನಮ್ಮ ಮೇಲಿನ ಪ್ರೀತಿಗೆ ಅವಳು ಸಪ್ಪೆ ವಾಕ್ಯಕ್ಕೂ ಏರಿಳಿತ ಕೂಡಿಸಿ ಅದರ ಮಾನ ಕಾಪಾಡಿಬಿಡುತ್ತಾಳೆ. ಫೋನು ಯಾರ ಮಾನವನ್ನೂ ಕಾಯುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ನಡುವೆ ಮೂರು ‘ಆದ್ದರಿಂದ’, ನಾಲ್ಕು ‘ಎಂಬ’ ತುರುಕಿದ್ದರೆ, ಏನು ಮಾಡಿದರು ಅನ್ನುವುದು ಕಿವಿಗೆ ಬೀಳುವ ಹೊತ್ತಿಗೆ ಮಾಡಿದವರು ಯಾರು ಅನ್ನುವುದೇ ಮರೆತಿರುತ್ತದೆ. ಒಂದೇ ಪ್ಯಾರಾದಲ್ಲಿ ‘ನಿಜಕ್ಕೂ’ ಮೂರು ಸಲ ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕಲ್ಲಿನ ಹಾಗೆ ಸಿಗುತ್ತದೆ.

ಹೀಗೆ ಓದಿಸುವುದಕ್ಕೂ ಕ್ರಮ ಇದೆ. ಪರದೆ ನೋಡಬಾರದು. ನೋಡಿದರೆ ಬರೆದದ್ದರ ಜೊತೆಗೆ ಬರೆಯಬೇಕೆಂದುಕೊಂಡಿದ್ದನ್ನೂ ಕಣ್ಣು ಓದಿಕೊಂಡುಬಿಡುತ್ತದೆ. ಕೈಗೊಂದು ಕೆಲಸ ಇರಬೇಕು, ಆದರೆ ಸದ್ದು ಮಾಡುವ ಕೆಲಸ ಆಗಬಾರದು; ಮಿಕ್ಸಿ, ಕುಕ್ಕರು ಹತ್ತಿರ ಇರಲೇಬಾರದು. ವೇಗ ತೀರಾ ನಿಧಾನವಾದರೆ ಎಲ್ಲ ವಾಕ್ಯವೂ ಗಂಭೀರವಾಗಿ ಕೇಳಿಸಿ ಮೋಸ ಮಾಡುತ್ತದೆ. ಯಾವ ಜಾಗದಲ್ಲಿ ನಮ್ಮ ಗಮನ ಕಾಯಿಯ ಕಡೆಗೆ ಹೋಯಿತೋ ಆ ಜಾಗವನ್ನು ನೆನಪಿಟ್ಟುಕೊಳ್ಳಬೇಕು. ನಮಗೇ ಬೇಸರ ಬಂದ ಕಡೆ ಓದುಗರು ಎದ್ದು ಹೋಗಿರುತ್ತಾರೆ. ಅದನ್ನು ತಿದ್ದಲು ಕೂರಬಾರದು, ಕಿತ್ತು ಹಾಕಬೇಕು.

ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುವುದು ಅಮ್ಮನ ಮಾತು. ಬ್ಲಾಗಿಗೆ ವಿಷಯವೇ ಸಿಗುವುದಿಲ್ಲ ಎಂದು ಕೊರಗುವವರು ಕೆಲಸ ಮಾಡುತ್ತಿರುವ ತಾಯಿಯ ಪಕ್ಕ ಸುಮ್ಮನೆ ಕೂತರೆ ಸಾಕು. ಬೇಸಿಗೆಯಲ್ಲಿ ಸಾಗರದ ಕಡೆಯಿಂದ ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ಬಂದಾಗ ಅಮ್ಮ ನೆಲದ ಮೇಲೆ ಹಳೇ ಪಂಚೆ ಹಾಸಿ ಆರಿಸಲು ಕೂರುತ್ತಾಳೆ. ತೊಟ್ಟು ಇದ್ದದ್ದು ಒಂದು ಕಡೆ, ಬಿದ್ದು ಪೆಟ್ಟಾದದ್ದು ಇನ್ನೊಂದು ಕಡೆ. ‘ತೊಟ್ಟು ಇಟ್ಕೊಂಡೇ ಕೊಯ್ಯಬೇಕು ಮಾರಾಯ್ತಿ. ಸೊನೆ ಹೋದ ಮಿಡಿಗೆ ಪರಿಮಳ ಎಲ್ಲಿಂದ ಬರತ್ತೆ?’ ಅನ್ನುತ್ತಾಳೆ. ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ‘ಮುರುಟಲಿ. ಮುರುಟದೆ ಮುಟ್ಟಬೇಡ.’ ಇದನ್ನು ಫೋನು ಎಷ್ಟು ಒಣದನಿಯಲ್ಲಿ ಓದಿದರೂ ಮಾತು ಕೆಡುವುದಿಲ್ಲ. ಪ್ರತಿ ವಾಕ್ಯದಲ್ಲೂ ಒಂದು ಕೆಲಸ ಆಗುತ್ತಿರುತ್ತದೆ, ಆದ ಕೂಡಲೇ ವಾಕ್ಯ ಮುಗಿದಿರುತ್ತದೆ. ಬರವಣಿಗೆಯ ಕಮ್ಮಟಗಳಲ್ಲಿ ನಾನು ಕೇಳಿದ ಯಾವ ಉಪನ್ಯಾಸವೂ ಇದನ್ನು ಇಷ್ಟು ಚೆನ್ನಾಗಿ ಕಲಿಸಿಲ್ಲ.

ಓದಿಸಿ ಕೇಳುವ ಅಭ್ಯಾಸ ಹತ್ತಿದ್ದು ಮೈಸೂರಿನ ಒಂದು ಹಾಸ್ಟೆಲಿನಲ್ಲಿ. ಭಾನುವಾರ ಅಲ್ಲಿಗೆ ಹೋಗಿ, ಕಣ್ಣು ಕಾಣದ ಕಾಲೇಜು ಮಕ್ಕಳಿಗೆ ಪಠ್ಯ ಓದಿ ಹೇಳುತ್ತೇನೆ. ಒಂದು ಮಧ್ಯಾಹ್ನ ಬಿ.ಎ. ಹುಡುಗಿಯೊಬ್ಬಳು ಫೋನನ್ನು ಕಿವಿಯಿಂದ ತೆಗೆದು ಕೇಳಿದಳು: ‘ಅಕ್ಕಾ, ಈ ಸೂಯ ಒಂಬತ್ತು ಅಂದ್ರೆ ಯಾರು?’

ಫೇಸ್‌ಬುಕ್ಕಿನ ಒಂದು ಕವಿತೆ ಅದು. ಬರೆದವರು ‘ಸೂರ್ಯ’ ಎಂದು ಬರೆಯುವ ಬದಲು ‘ಸೂಯ’ ಬರೆದು ಪಕ್ಕದಲ್ಲಿ ಕನ್ನಡದ ಅಂಕಿ ೯ನ್ನು ಇಟ್ಟಿದ್ದರು. ಕಣ್ಣಿಗೆ ಅದು ಅರ್ಕಾವತ್ತು, ಫೋನಿಗೆ ಶುದ್ಧ ಒಂಬತ್ತು.

ಇದು ಒಬ್ಬಿಬ್ಬರ ಚಾಳಿಯಲ್ಲ. ಧರ್ಮ, ಕಾರ್ಯ, ವರ್ಷ, ಮಾರ್ಗ, ಎಲ್ಲದರ ಹೆಗಲ ಮೇಲೂ ಒಂಬತ್ತು ಕೂತಿದೆ. ಕಾರಣ ನನಗೆ ಅರ್ಥವಾಗುತ್ತದೆ. ಬರೆಯುವಾಗ ಅರ್ಕಾವತ್ತು ಅಕ್ಷರದ ಆಚೆಗೆ ಬರುತ್ತದೆ, ಉಚ್ಚರಿಸುವಾಗ ಈಚೆಗೆ. ಯೂನಿಕೋಡು ಅಕ್ಷರಗಳನ್ನು ಇಟ್ಟುಕೊಳ್ಳುವುದು ಬಾಯಿ ಆಡುವ ಕ್ರಮದಲ್ಲಿ: ಮೊದಲು ರ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಯ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಎಫ್ ಕೀಲಿ ಒತ್ತಿದರೆ ಆ ಚಿಹ್ನೆ ಬಂತು, ಅಷ್ಟೇ ಕೆಲಸ. ಆದರೆ ಕಣ್ಣಿನಿಂದ ಬರೆಯುವವರು ಯ ಒತ್ತಿಯಾದ ಮೇಲೆ ಆ ಕೊಂಡಿಯನ್ನು ಹುಡುಕುತ್ತಾ ಹೊರಟು ಅಂಕಿಗಳ ಓಣಿಗೆ ಹೋಗಿ ಒಂಬತ್ತನ್ನು ಹಿಡಿದು ತರುತ್ತಾರೆ. ಇದರ ತಮ್ಮನೊಬ್ಬನಿದ್ದಾನೆ: ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ. ಇವನು ಇನ್ನೂ ಅಪಾಯದವನು, ಏಕೆಂದರೆ ಕಣ್ಣಿಗೆ ಎರಡೂ ಒಂದೇ. ಅಂಕಿ ಸೊನ್ನೆ ಹಾಕಿ ಬರೆದ ಬೆಂಗಳೂರು ಓದುವುದಕ್ಕೆ ಬೆಂಗಳೂರೇ, ಹುಡುಕಿದರೆ ಸಿಗುವುದಿಲ್ಲ, ಓದಿಸಿದರೆ ಊರು ಎರಡು ತುಂಡು.

ಕಣ್ಣಿಗಾಗಿ ಮಾಡಲೇಬೇಕಾದ ಕೆಲಸವೂ ಇದೆ, ಇಲ್ಲವೆನ್ನುವುದಿಲ್ಲ. ರಾಜ್‌ಕುಮಾರ್ ಹೆಸರಿನಲ್ಲಿ ಜಕಾರದ ಕೆಳಗೆ ಕಕಾರ ನೇತಾಡದಂತೆ ನಡುವೆ ಒಂದು ಕಾಣದ ಚಿಹ್ನೆ ಇಡಬೇಕು; ಅದನ್ನು ಇಟ್ಟ ಕೂಡಲೇ ಎರಡೂ ಅಕ್ಷರ ಬಿಡಿಯಾಗಿ ನಿಲ್ಲುವುದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಒಂಬತ್ತನ್ನಾದರೂ ಕ್ಷಮಿಸಬಹುದು, ಹೇಳಿದರೆ ತಿದ್ದಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಚಿತ್ರದವರ ಮೇಲೆ. ಚೆಂದದ ನಾಲ್ಕು ಸಾಲು ಬರೆದು, ಅದನ್ನು ಗುಲಾಬಿ ಹೂವಿನ ಮೇಲೋ ಮಂಜಿನ ಬೆಟ್ಟದ ಮೇಲೋ ಅಚ್ಚೊತ್ತಿ, ಚಿತ್ರ ಮಾಡಿ ಇನ್‌ಸ್ಟಾಗ್ರಾಂಗೆ, ವಾಟ್ಸಾಪಿಗೆ ಬಿಡುತ್ತಾರೆ. ಬರಹಗಾರರೇ ಇದನ್ನು ಮಾಡುತ್ತಾರೆ, ಸಾಹಿತ್ಯ ಪರಿಚಾರಿಕೆ ಅಂದುಕೊಂಡವರೂ ಮಾಡುತ್ತಾರೆ. ಆ ಹುಡುಗಿಯ ಫೋನು ಅಲ್ಲಿಗೆ ಬಂದು ‘ಚಿತ್ರ’ ಅಂದು ಮುಂದಕ್ಕೆ ಹೋಗುತ್ತದೆ. ಕವಿತೆಯೂ ಚಿತ್ರ, ರಕ್ತ ಬೇಕಾಗಿದೆ ಎಂಬ ಮನವಿಯೂ ಚಿತ್ರ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂಬುದೂ ಚಿತ್ರ. ಆ ಮಕ್ಕಳಿಗೆ ನಿಜವಾಗಿ ಬೇಕಾದ ಸುದ್ದಿಯೇ ಅವರಿಗೆ ಮುಚ್ಚಿದ ಬಾಗಿಲು.

‘ಈಗ ಫೋನೇ ಚಿತ್ರದ ಅಕ್ಷರ ಗುರುತಿಸತ್ತಲ್ಲ’ ಎಂದು ಒಬ್ಬರು ನನಗೆ ಪಾಠ ಹೇಳಿದರು. ಗುರುತಿಸುತ್ತದೆ, ಬಿಳಿ ಹಾಳೆಯ ಮೇಲಿನ ಅಚ್ಚಿನ ಅಕ್ಷರವನ್ನು. ಬಳ್ಳಿ ಸುತ್ತಿದ ಅಲಂಕಾರದ ಫಾಂಟಿನಲ್ಲಿ, ಗುಲಾಬಿಯ ದಳದ ಮೇಲೆ ಬಿದ್ದ ಒತ್ತಕ್ಷರ ಎಷ್ಟೋ ಸಲ ಅದರ ಕೈಗೆ ಸಿಗುವುದಿಲ್ಲ. ಅಷ್ಟಕ್ಕೂ, ಬರೆದವರ ಬಳಿ ಪಠ್ಯ ಇದ್ದೇ ಇರುವಾಗ ಓದುವವರಿಗೆ ಯಾಕೆ ಈ ಶಿಕ್ಷೆ? ಚಿತ್ರಕ್ಕೆ ವಿವರಣೆ ಬರೆಯಲು ಫೇಸ್‌ಬುಕ್, ಎಕ್ಸ್ (ಹಿಂದಿನ ಟ್ವಿಟರ್), ಇನ್‌ಸ್ಟಾಗ್ರಾಂ ಎಲ್ಲದರಲ್ಲೂ ಜಾಗ ಇದೆ. ಆ ಪಠ್ಯದ ನಕಲು ತೆಗೆದು ಅಲ್ಲಿ ಅಂಟಿಸುವುದಕ್ಕೆ ಎಷ್ಟು ಹೊತ್ತು ಬೇಕು? ಕನ್ನಡ ಉಳಿಸಿ ಎಂದು ನವೆಂಬರಿನಲ್ಲಿ ಕೂಗುವ ಪೋಸ್ಟರೇ ಅಕ್ಷರವಿಲ್ಲದ ಬರೀ ಚಿತ್ರವಾಗಿ ಬರುವುದನ್ನು ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ.

ಅಕ್ಷರ ಪರದೆಗೆ ಬಂದದ್ದು ಸುಲಭದ ದಾರಿಯಲ್ಲಲ್ಲ ಎಂಬುದು ಗೊತ್ತಿದ್ದವರೇ ಹೀಗೆ ಮಾಡುವುದು ಹೆಚ್ಚು ನೋಯಿಸುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ಎಷ್ಟೋ ವರ್ಷ ನಾವು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ತೊಡಿಸಿದ ಫಾಂಟುಗಳಲ್ಲಿ ಬರೆದೆವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆ, ಬ್ಲಾಗರ್, ವರ್ಡ್‌ಪ್ರೆಸ್ ಕೈಗೆ ಸಿಕ್ಕ ಮೇಲೆ, ಕನ್ನಡದಲ್ಲಿ ಬರೆದದ್ದು ಯಾವ ಊರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಂಡಿತು. ಅದರ ಹಿಂದೆಯೇ ಓದಿ ಹೇಳುವ ತಂತ್ರಾಂಶಗಳೂ ಬಂದವು. ಇವತ್ತು ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಓದುವ ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಕಣ್ಣು ಕಾಣದವರು; ಅದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದು. ಇಷ್ಟೆಲ್ಲ ಜನ ದುಡಿದು ಅಕ್ಷರಕ್ಕೆ ದನಿ ಕೊಟ್ಟ ಮೇಲೆ ನಾವು ಅದೇ ಅಕ್ಷರವನ್ನು ಮತ್ತೆ ಚಿತ್ರದೊಳಗೆ ಹೂಳುತ್ತಿದ್ದೇವೆ.

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾನು ಈ ವಿಷಯಕ್ಕೆ ಜಗಳಗಂಟಿ. ಯಾರಾದರೂ ಚಿತ್ರ ಹಾಕಿದರೆ ಅದರೊಳಗಿನ ಮಾತನ್ನು ಕೆಳಗೆ ಟೈಪ್ ಮಾಡುತ್ತೇನೆ, ಬರೆದವರ ಹೆಸರು ಗೊತ್ತಿದ್ದರೆ ಸೇರಿಸುತ್ತೇನೆ. ಚಿಕ್ಕಪ್ಪ ಮೊದಮೊದಲು ‘ನಿಂಗೆ ಬೇರೆ ಕೆಲಸ ಇಲ್ವಾ?’ ಅಂದರು. ಈಚೆಗೆ ಅವರಿಗೂ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಚಿತ್ರ ಬಂದರೆ ಈಗ ಅವರೇ ‘ಎಲ್ಲಿ, ಟೈಪ್ ಮಾಡು’ ಅನ್ನುತ್ತಾರೆ.

ಆ ಹುಡುಗಿ ಈಗ ತಾನೂ ಬ್ಲಾಗು ತೆರೆದಿದ್ದಾಳೆ. ಅವಳ ಬರಹದಲ್ಲಿ ಒಂದೇ ಒಂದು ಒಂಬತ್ತು ಹುಡುಕಿದರೂ ಸಿಗುವುದಿಲ್ಲ. ಅವಳು ಟೈಪ್ ಮಾಡುವುದೇ ಕಿವಿಯಿಂದ. ಮೊನ್ನೆ ಬರೆದದ್ದು ಸಿಟಿ ಬಸ್ಸು ಹತ್ತುವುದರ ಬಗ್ಗೆ. ನಿಲ್ದಾಣದ ಹತ್ತಿರ ನಿಧಾನಿಸಿದ ಬಸ್ಸು, ಬಾಗಿಲ ಕಂಬಿ, ಕಂಡಕ್ಟರನ ಸೀಟಿ, ಹಿಂದಿನಿಂದ ತಳ್ಳುವ ಜನ, ಎಲ್ಲವೂ ಒಂದೇ ಒಂದು ಉದ್ದನೆಯ ವಾಕ್ಯದಲ್ಲಿ. ನಡುವೆ ಎಲ್ಲಾದರೂ ಒಂದು ಪೂರ್ಣವಿರಾಮ ಇಡು ಅಂದೆ. ಅವಳು ಒಪ್ಪಲಿಲ್ಲ.

‘ಅಲ್ಲಿ ನಿಲ್ಸೋದು ಹೇಗಕ್ಕಾ? ಬಸ್ಸೇ ನಿಂತಿರಲಿಲ್ಲ.’