ತ್ರಿಶಂಕುವಿನ ಕೆಳಗೆ ಐದು ವಾರ

ಆಸ್ಟ್ರೇಲಿಯಾ ಎಷ್ಟು ದೊಡ್ಡದೆಂದು ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಗೋಳದ ಮೇಲೆ ಅಂಗೈ ಇಟ್ಟು ತೋರಿಸುತ್ತಾರೆ. ಬಹಳ ವರ್ಷ ವಿಜ್ಞಾನ ಕಲಿಸಿದ ನನಗೂ ಅದು ಅಂಗೈಯಷ್ಟೇ ಇತ್ತು. ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರು, ಅಂದರೆ ನಮ್ಮ ದೇಶದ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಜನ ಮಾತ್ರ ಕರ್ನಾಟಕದ ಅರ್ಧದಷ್ಟೂ ಇಲ್ಲ. ಈ ಅಂಕಿಗಳನ್ನು ಹಲಗೆಯ ಮೇಲೆ ಬರೆಯುವುದು ಸುಲಭ. ಆದರೆ ವಿಮಾನದ ಕಿಟಕಿಯಲ್ಲಿ ಕುಳಿತು, ಎರಡು ತಾಸು ನೋಡಿದರೂ ಒಂದು ಹಳ್ಳಿ ಕಾಣದಿದ್ದಾಗ ಆಗುವ ಅರಿವೇ ಬೇರೆ.

ನಾವು ಹೋದದ್ದು 2025ರ ಬೇಸಿಗೆ ರಜೆಯಲ್ಲಿ. ಹೋದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮಗ ಮೆಲ್ಬೋರ್ನಿನಲ್ಲಿ ಕೆಲಸಕ್ಕಿದ್ದಾನೆ. 'ಅಪ್ಪಾ, ರಿಟೈರ್ ಆದ ಮ್ಯಾಲೆ ಸೊನ್ನದಾಗ ಇಬ್ಬರೇ ಕುಂತು ಏನ್ ಮಾಡ್ತೀರಿ? ಇಲ್ಲೇ ಬಂದು ಬಿಡ್ರಿ' ಎಂದು ಎರಡು ವರ್ಷದಿಂದ ಒಂದೇ ಹಟ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನನ್ನ ಹೆಂಡತಿಯೇ ಫೋನಿನಲ್ಲಿ ಮಾತು ಮುಗಿಸಿದಳು: 'ಮನಿತನ ನೋಡಲಾರದೆ ಯಾರರೆ ಮಗಳ್ನ ಕೊಡ್ತಾರೇನು? ದೇಶ ನೋಡಲಾರದೆ ನಾ ಹೆಂಗ ಬರ್ಲಿ?'

ಮಗ ಕೂಡಲೇ ಹನ್ನೆರಡು ದಿನಗಳಲ್ಲಿ ಏಳು ಊರು ತೋರಿಸುವ ಪ್ರವಾಸದ ಪಟ್ಟಿಯೊಂದನ್ನು ಕಳಿಸಿದ. ಬೆಳಿಗ್ಗೆ ಸೇತುವೆ, ಮಧ್ಯಾಹ್ನ ಕಾಂಗರೂ, ಸಂಜೆ ವಿಮಾನ. ಮದುವೆಮನೆಯ ಮೂರನೆಯ ಪಂಕ್ತಿಯಲ್ಲಿ ಉಂಡಂತಾಗುತ್ತದೆ ಎಂದು ಅದನ್ನು ಬದಿಗಿಟ್ಟೆ. ವಾಸಕ್ಕೆ ತಕ್ಕ ನಾಡೋ ಅಲ್ಲವೋ ಎಂಬುದನ್ನು ನೋಡಬೇಕಾದರೆ ಒಂದೊಂದು ಊರಿನಲ್ಲಿ ನಾಲ್ಕೈದು ದಿನವಾದರೂ ಇದ್ದು, ಅಲ್ಲಿ ಅಡಿಗೆ ಮಾಡಿ, ಬಟ್ಟೆ ಒಗೆದು, ಬಸ್ಸು ಹತ್ತಬೇಕು. ಅವಧಿ ಮುಗಿದ ವಿಮೆಯ ಹಣ ಕೈಯಲ್ಲಿತ್ತು. ಮೆಲ್ಬೋರ್ನಿನಿಂದ ಅಡಿಲೇಡ್, ಪರ್ತ್, ಬ್ರಿಸ್ಬೇನ್, ಕೆರ್ನ್ಸ್, ಸಿಡ್ನಿ, ಮತ್ತೆ ಮೆಲ್ಬೋರ್ನ್ ಎಂದು ಆರು ಒಳನಾಡಿನ ವಿಮಾನಗಳಿಗೆ ಮೂರು ತಿಂಗಳು ಮೊದಲೇ ಟಿಕೆಟ್ ಕಾದಿರಿಸಿದೆವು. ನನ್ನ ಷರತ್ತು ಒಂದೇ: ಎಲ್ಲ ಪ್ರಯಾಣವೂ ಹಗಲಿನಲ್ಲಿ, ಕಿಟಕಿಯ ಪಕ್ಕದಲ್ಲಿ. ಮಗನಿಗೆ ರಜೆ ಇರಲಿಲ್ಲ. ಹೀಗಾಗಿ ಭೀಮಾ ದಂಡೆಯ ಸೊನ್ನದವರಿಬ್ಬರೇ ಹೊರಟೆವು.

ಒಳನಾಡಿನ ವಿಮಾನಯಾನ ಅಲ್ಲಿ ನಮ್ಮ ಬಸ್‌ಸ್ಟ್ಯಾಂಡಿನಷ್ಟು ಸಲೀಸು. ಕಳುಹಿಸಲು ಬಂದ ಮಗ ತಪಾಸಣೆ ದಾಟಿ ವಿಮಾನದ ಬಾಗಿಲವರೆಗೂ ಬಂದ. ನೀರಿನ ಬಾಟಲಿಯನ್ನು ಯಾರೂ ಕಸಿದುಕೊಳ್ಳಲಿಲ್ಲ. ಆದರೆ ಕೈಚೀಲ ಏಳು ಕಿಲೋ ಮೀರಬಾರದು. ತಕ್ಕಡಿಯ ಮುಂದೆ ದಯೆ ದಾಕ್ಷಿಣ್ಯವಿಲ್ಲ. ಸೊನ್ನದಿಂದ ತಂದು, ವಿದೇಶದಿಂದ ಬಂದಿಳಿದಾಗ ಚೀಟಿಯಲ್ಲಿ ಬರೆದು ಅಧಿಕಾರಿಗೆ ತೋರಿಸಿ ಒಳಗೆ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಇಬ್ಬರ ಚೀಲಕ್ಕೂ ಹಂಚಿ ತೂಕ ಸರಿದೂಗಿಸಿದ್ದು ನನ್ನವಳ ಜಾಣತನ.

ಅಡಿಲೇಡಿಗೆ ಸುಮಾರು ಒಂದೂಕಾಲು ತಾಸು. ಇಳಿಯುವ ಮುನ್ನ ಒಂದು ಸೂಚನೆ ಬಂತು: ಯಾರಲ್ಲಾದರೂ ಹಣ್ಣು ತರಕಾರಿ ಇದ್ದರೆ ಈ ರಾಜ್ಯದೊಳಗೆ ತರುವಂತಿಲ್ಲ. ಮಗನ ಮನೆಯಿಂದ ತಂದ ಆರು ಕಿತ್ತಳೆ ಹಣ್ಣು ಇವಳ ಚೀಲದಲ್ಲಿದ್ದವು. ಚೆಲ್ಲುವುದೆಂದರೆ ಅವಳಿಗಾಗದು. ನನಗೆರಡು, ತನಗೆರಡು, ಪಕ್ಕದಲ್ಲಿ ಕುಳಿತ ಬಿಳಿಯ ಅಜ್ಜನಿಗೆರಡು. ಚಕ್ರ ನೆಲ ಮುಟ್ಟುವಷ್ಟರಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಅದನ್ನೂ ನಿಲ್ದಾಣದಲ್ಲಿ ಅದಕ್ಕೆಂದೇ ಇಟ್ಟ ಡಬ್ಬಿಗೆ ಹಾಕಿದೆವು.

ಒಂದೇ ದೇಶದೊಳಗೆ ಹಣ್ಣಿಗೆ ಇಂಥ ಕಾವಲೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಣ್ಣುನೊಣ ಸಿಪ್ಪೆಯ ಕೆಳಗೆ ಮೊಟ್ಟೆಯಿಡುತ್ತದೆ. ಹೊರಗಿನಿಂದ ಹಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ಹುಳು. ಚೀಲದೊಳಗಿನ ಒಂದು ಹಣ್ಣು ಒಂದು ಸೀಮೆಯ ತೋಟಗಳಿಗೆ ಕುತ್ತಾಗಬಲ್ಲದು. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ ಇನ್ನೂ ಕಟ್ಟುನಿಟ್ಟು. ಅಲ್ಲಿಗೆ ಜೇನುತುಪ್ಪವನ್ನೂ ಒಯ್ಯುವಂತಿಲ್ಲ. ಈ ಎಚ್ಚರ ಅವರಿಗೆ ಪುಕ್ಕಟೆ ಬಂದದ್ದಲ್ಲ. 1859ರಲ್ಲಿ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತಂದು ಬಿಟ್ಟ ಎರಡು ಡಜನ್ ಮೊಲಗಳು ಬೆಳೆದು ಬೆಳೆದು ಹುಲ್ಲುಗಾವಲನ್ನೆಲ್ಲ ತಿಂದವು. ಅವುಗಳನ್ನು ತಡೆಯಲು ಪಶ್ಚಿಮದಲ್ಲಿ ನೂರಾರು ಮೈಲಿ ಬೇಲಿ ಹಾಕಬೇಕಾಯಿತು. ನಮಗೂ ಇದು ಹೊಸತಲ್ಲ. 1950ರ ದಶಕದಲ್ಲಿ ಪುಣೆಯ ಸುತ್ತ ಮೊದಲು ಕಣ್ಣಿಗೆ ಬಿದ್ದ ಕಾಂಗ್ರೆಸ್ ಹುಲ್ಲು ಈಗ ನಮ್ಮ ತೊಗರಿ ಹೊಲದ ಬದುವಿನಲ್ಲೆಲ್ಲ ಇದೆ. ಅದನ್ನು ಕಿತ್ತು ಕೈ ಕೆರೆದುಕೊಳ್ಳುವ ಹೆಣ್ಣುಮಕ್ಕಳನ್ನು ಕಂಡಿದ್ದೇನೆ.

ಅಡಿಲೇಡಿನಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ ಗಡಿಯಾರ. ಮೆಲ್ಬೋರ್ನಿಗಿಂತ ಅದು ಅರ್ಧ ತಾಸು ಹಿಂದೆ. ಅರ್ಧ ತಾಸಿನ ಲೆಕ್ಕವಿಟ್ಟುಕೊಂಡವರು ನಾವಷ್ಟೇ ಅಲ್ಲ! ಹೀಗಾಗಿ ನಮ್ಮೂರಿನ ವೇಳೆಗೆ ಸರಿಯಾಗಿ ನಾಲ್ಕು ಗಂಟೆ ಸೇರಿಸಿದರೆ ಅಡಿಲೇಡಿನ ವೇಳೆ. ಊರ ನಲ್ಲಿಗೆ ಮರ್ರೆ ನದಿಯ ನೀರನ್ನೂ ಕೊಳವೆಯಲ್ಲಿ ತರುತ್ತಾರೆ. ಆ ನದಿಯ ನೀರಿಗಾಗಿ ಮೇಲಿನ ರಾಜ್ಯಗಳಿಗೂ ಕೆಳಗಿನ ರಾಜ್ಯಕ್ಕೂ ಹಳೆಯ ತಕರಾರು. ಭೀಮೆ, ಕೃಷ್ಣೆಯರ ಜಗಳ ಕೇಳುತ್ತ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿಂದ ಪರ್ತ್‌ಗೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮೂರು ತಾಸು ಇಪ್ಪತ್ತು ನಿಮಿಷ ಹಾರಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಇನ್ನೂ ಹನ್ನೊಂದಾಗಿರಲಿಲ್ಲ. ಬಲಗಡೆಯ ಕಿಟಕಿಯಲ್ಲಿ ನಲ್ಲಾರ್ಬರ್ ಬಯಲು. ಲ್ಯಾಟಿನ್ ಭಾಷೆಯಲ್ಲಿ 'ಮರವಿಲ್ಲದ್ದು' ಎಂದು ಅರ್ಥ. ಸುಣ್ಣದ ಕಲ್ಲಿನ ಚಪ್ಪಟೆ ನೆಲ ಕಡಲಿನ ಅಂಚಿಗೆ ಬಂದು ಕೊಡಲಿಯಿಂದ ಕಡಿದಂತೆ ನಿಂತುಬಿಡುತ್ತದೆ. ಆ ಬಯಲಿನಲ್ಲಿ ರೈಲುಹಳಿ 478 ಕಿಲೋಮೀಟರು ಒಂದು ತಿರುವೂ ಇಲ್ಲದೆ ನೇರ ಹೋಗುತ್ತದೆ. ಜಗತ್ತಿನಲ್ಲೇ ಅತಿ ಉದ್ದದ ನೇರ ಹಳಿ ಅದು. ಇವಳು ಬಹಳ ಹೊತ್ತು ಕೆಳಗೆ ನೋಡಿ, 'ಇಷ್ಟು ಜಮೀನಿಗಿ ಒಬ್ಬ ಒಕ್ಕಲಿಗನೂ ಇಲ್ಲಲ್ರೀ' ಎಂದು ನಿಟ್ಟುಸಿರು ಬಿಟ್ಟಳು.

ಪರ್ತ್‌ನಲ್ಲಿ ಏಳು ದಿನ ಇದ್ದೆವು. ಆ ಊರಿನ ಬಗ್ಗೆ ನನಗೆ ಪಕ್ಷಪಾತವಿದೆ. ಭಾರತಕ್ಕೂ ಅದಕ್ಕೂ ಎರಡೂವರೆ ಗಂಟೆಯ ಅಂತರ ಮಾತ್ರ. ಮುಂಜಾನೆ ಚಹಾ ಕುಡಿದು ಒಂದು ಸುತ್ತು ತಿರುಗಾಡಿ ಬಂದು ಊರಿಗೆ ಫೋನ್ ಮಾಡಿದರೆ ಅಲ್ಲಿ ಬೆಳಗಾಗಿರುತ್ತದೆ. ಕಡಲು ಕೂಡ ನಮ್ಮ ಹಿಂದೂ ಮಹಾಸಾಗರವೇ. ಕಾಟ್ಸ್‌ಲೋ ಎಂಬ ತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತ ಇವಳು 'ಇದರ ಆಚಿಗಿ ನಮ್ಮೂರೇನ್ರಿ?' ಎಂದಳು. ಎದುರಿಗೆ ನೇರ ಹೋದರೆ ಆಫ್ರಿಕಾ, ನಮ್ಮೂರು ಬಲಕ್ಕೆ ವಾಯವ್ಯದಲ್ಲಿದೆ ಎಂದು ತೋರಿಸಿದೆ. ಆಮೇಲೆ ಅವಳು ಆ ಬಲದ ಕಡೆಗೇ ತಿರುಗಿ ಕುಳಿತಳು.

ಆಕಾಶದ ಪಾಠವೆಲ್ಲ ಅಲ್ಲಿ ತಿರುವುಮುರುವು. ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ. ಅದಕ್ಕೆ ಮುಖಮಾಡಿ ನಿಂತರೆ ಬಲದಿಂದ ಎಡಕ್ಕೆ ಸಾಗುತ್ತಾನೆ. ನಮ್ಮಲ್ಲಿ ಮೇ ತಿಂಗಳ ಎರಡನೆಯ ವಾರ ನೆತ್ತಿಯ ಮೇಲೆ ಬಂದು ನೆರಳನ್ನೇ ನುಂಗುವವನು ಅಲ್ಲಿ ಹಿತವಾಗಿ ಓರೆ ಬಿಸಿಲು ಕೊಡುತ್ತಿದ್ದ. ಉತ್ತರಕ್ಕೆ ಕಿಟಕಿಯಿರುವ ಮನೆ ಚಳಿಗಾಲದಲ್ಲಿ ಬೆಚ್ಚಗಿರುತ್ತದೆಂದು ಅಲ್ಲಿಯವರು ಮನೆ ಹಿಡಿಯುವಾಗ ಅದನ್ನು ವಿಚಾರಿಸುತ್ತಾರಂತೆ. ಶುಕ್ಲಪಕ್ಷದ ಅರ್ಧಚಂದ್ರನ ಬೆಳಗಿದ ಭಾಗ ನಮಗೆ ಬಲಕ್ಕಿದ್ದರೆ ಅಲ್ಲಿ ಎಡಕ್ಕೆ. ಧ್ರುವನಕ್ಷತ್ರ ಇಲ್ಲವೇ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಇವಳನ್ನು ಹೊರಗೆ ಕರೆದು ನಾಲ್ಕು ನಕ್ಷತ್ರಗಳ ಶಿಲುಬೆಯನ್ನು ತೋರಿಸಿದೆ. ನಾವು ತ್ರಿಶಂಕು ಎನ್ನುವುದು ಇದನ್ನೇ. ವೈಶಾಖದಲ್ಲಿ ನಮ್ಮ ಹೊಲದಲ್ಲಿ ನಿಂತರೆ ಅದೇ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ, ಗಿಡಗಳ ಸಂದಿಯಲ್ಲಿ ಕಾಣುತ್ತದೆ. ಅಲ್ಲಿ ಮುಗಿಲಿನಲ್ಲಿ ಬಹು ಎತ್ತರಕ್ಕೆ ಏರಿ ನಿಂತಿತ್ತು. ಶಿಲುಬೆಯ ಉದ್ದದ ಗೆರೆಯನ್ನು ನಾಲ್ಕೂವರೆ ಪಟ್ಟು ಮುಂದಕ್ಕೆ ಎಳೆದರೆ ದಕ್ಷಿಣ ಧ್ರುವದ ಬಿಂದು ಸಿಗುತ್ತದೆ. ಇವಳು ನೋಡಿ, 'ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದವ ಇವನೇ ಅಲ್ಲೇನು? ಇಲ್ಲಿ ಆರಾಮ ಇದ್ದಂಗ ಕಾಣ್ತಾನ' ಎಂದಳು. ಅದು ತಮಾಷೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ.

ಆ ಸೀಮೆಯ ಮೂಲನಿವಾಸಿಗಳಾದ ನೂಂಗರ್ ಜನ ವರ್ಷಕ್ಕೆ ಆರು ಋತುಗಳನ್ನು ಎಣಿಸುತ್ತಾರೆ. ಇಂಗ್ಲೆಂಡಿನಿಂದ ಬಂದವರು ತಮ್ಮ ನಾಲ್ಕನ್ನು ಹೊತ್ತು ತಂದರು. ನಾವಿದ್ದ ಏಪ್ರಿಲ್-ಮೇ ಕಾಲಕ್ಕೆ ನೂಂಗರರು 'ಜೆರಾನ್' ಎನ್ನುತ್ತಾರೆ. ಸೆಕೆ ಇಳಿದು ರಾತ್ರಿ ತಂಪಾಗುವ ಕಾಲ. ಋತು ಆರು ಎಂದು ಬಾಯಿಪಾಠ ಮಾಡಿದ ನನಗೆ ಹಿಂದೂ ಮಹಾಸಾಗರದ ಆಚೆ ದಂಡೆಯಲ್ಲೂ ಆರೇ ಎಂದು ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಪರ್ತ್ ಬಳಿಯ ಮಂಡೇರಿಂಗ್ ಅಣೆಕಟ್ಟಿಗೂ ಹೋಗಿಬಂದೆವು. ಒಳನಾಡಿನ ಕಾಲ್ಗೂರ್ಲಿ ಚಿನ್ನದ ಗಣಿಗಳಲ್ಲಿ ಕುಡಿಯಲು ನೀರಿರಲಿಲ್ಲ. ಓ'ಕಾನರ್ ಎಂಬ ಇಂಜಿನಿಯರ್ ಸುಮಾರು 530 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆ ಹಾಕಿ, ಎಂಟು ಕಡೆ ಪಂಪುಗಳಿಂದ ಎತ್ತಿ, ಏರುಗಡೆಗೆ ನೀರು ಹರಿಸುವ ಯೋಜನೆ ಮಾಡಿದ. ಆಗದ ಕೆಲಸವೆಂದು ಪತ್ರಿಕೆಗಳು, ರಾಜಕಾರಣಿಗಳು ಅವನನ್ನು ಹಣ್ಣುಗಾಯಿ ಮಾಡಿದರು. ಅವನು 1902ರಲ್ಲಿ ತೀರಿಕೊಂಡ. 1903ರಲ್ಲಿ ಕಾಲ್ಗೂರ್ಲಿಗೆ ನೀರು ಬಂತು. ಆ ಮಾರ್ಗದಲ್ಲಿ ಇಂದಿಗೂ ನೀರು ಹೋಗುತ್ತಿದೆ. ಸೊನ್ನದ ಬ್ಯಾರೇಜಿನಿಂದ ನೀರೆತ್ತಿ ಹೊಲಕ್ಕೆ ಹರಿಸುವುದನ್ನು ಕಂಡ ನಮಗೆ ಅಲ್ಲಿಂದ ಬೇಗ ಕಾಲು ಕೀಳಲಾಗಲಿಲ್ಲ.

ಮೇ 3ರ ಶನಿವಾರ ಆ ದೇಶದ ಸಾರ್ವತ್ರಿಕ ಚುನಾವಣೆ. ನಾವಿದ್ದ ಓಣಿಯ ಶಾಲೆಯೇ ಮತಗಟ್ಟೆ. 1924ರಿಂದ ಅಲ್ಲಿ ಮತದಾನ ಕಡ್ಡಾಯ, ಹಾಕದಿದ್ದರೆ ದಂಡ. ಅಂಗಳದಲ್ಲಿ ಶಾಲೆಗಾಗಿ ಹಣ ಕೂಡಿಸಲು ತಿಂಡಿ ಸುಡುತ್ತಿದ್ದರು. ಪೊಲೀಸರು ಎಲ್ಲೂ ಕಾಣಲಿಲ್ಲ. ಹಿಂದಿನ ರಾತ್ರಿಯೇ ಪೆಟ್ಟಿಗೆ ಹೊತ್ತು ಹೋಗಿ ಮತಗಟ್ಟೆಯಲ್ಲಿ ಮಲಗುವ ಮೇಷ್ಟರ ಜಾತಿಗೆ ಸೇರಿದ ನಾನು ಬೇಲಿಯಾಚೆ ನಿಂತು ಅದನ್ನು ನೋಡಿದ ಸುಖ ಸಹೋದ್ಯೋಗಿಗಳಿಗೆ ಮಾತ್ರ ಅರ್ಥವಾದೀತು.

ಪರ್ತ್‌ನಿಂದ ಬ್ರಿಸ್ಬೇನಿಗೆ ಸುಮಾರು 3,600 ಕಿಲೋಮೀಟರು. ಕಾಶ್ಮೀರದಿಂದ ಕನ್ಯಾಕುಮಾರಿಗೆ 3,214 ಎಂದು ಪಾಠದಲ್ಲಿ ಓದಿದ್ದೇವೆ; ಅದಕ್ಕಿಂತ ಹೆಚ್ಚು ದೂರವನ್ನು ನಾಲ್ಕೂವರೆ ತಾಸಿನಲ್ಲಿ ದಾಟಿದೆವು. ಅದೇ ವಿಮಾನ ಬ್ರಿಸ್ಬೇನಿನಿಂದ ಪರ್ತ್‌ಗೆ ಬರಲು ಸುಮಾರು ಒಂದು ತಾಸು ಹೆಚ್ಚು ಬೇಕು. ಹತ್ತು-ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಜೊತೆಗೆ ಹೋದವನನ್ನು ಅದು ನೂಕುತ್ತದೆ, ಎದುರು ಬಂದವನನ್ನು ತಡೆಯುತ್ತದೆ. ಭೀಮೆಯಲ್ಲಿ ಈಜಿದ ಹುಡುಗರಿಗೆ ಇದು ಗೊತ್ತು. ಕೆಳಗೆ ನೆಲ ಕೆಂಪು, ಅಂದರೆ ಕಬ್ಬಿಣದ ತುಕ್ಕಿನ ಬಣ್ಣ. ನಡುನಡುವೆ ಬಿಳಿ ಉಪ್ಪಿನ ಕೆರೆಗಳು. ರಸ್ತೆಯೊಂದು ಕಂಡರೆ ಇವಳು ನನ್ನನ್ನು ತಿವಿದು ತೋರಿಸುತ್ತಿದ್ದಳು.

ಬ್ರಿಸ್ಬೇನ್ ನದಿಯ ಊರು. 2011ರ ಜನವರಿಯಲ್ಲಿ ಅದು ಮುಳುಗಿತ್ತು. 2020ರ ಅಕ್ಟೋಬರಿನಲ್ಲಿ ಭೀಮೆ ದಂಡೆಯ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ನೀರಿನ ಗುರುತುಗಳನ್ನು ಓದುವುದು ಕಷ್ಟವಲ್ಲ. ಕೆರ್ನ್ಸ್‌ನಲ್ಲಿ ಗಾಜಿನ ತಳದ ದೋಣಿಯಲ್ಲಿ ಕುಳಿತು ಹವಳದ ದಿಬ್ಬ ನೋಡಿದೆವು. 2,300 ಕಿಲೋಮೀಟರು ಉದ್ದದ ಈ ದಿಬ್ಬ ಕಟ್ಟಿದ್ದು ಬೆರಳ ತುದಿಯಷ್ಟೂ ಇಲ್ಲದ ಜೀವಿಗಳು. ಅವುಗಳ ಮೈಯೊಳಗೆ ವಾಸಿಸುವ ಪಾಚಿಯೇ ಅವುಗಳಿಗೆ ಅನ್ನ, ಬಣ್ಣ ಎರಡನ್ನೂ ಕೊಡುತ್ತದೆ. ನೀರು ಕಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಹಳ ದಿನ ಹಾಗೇ ಇದ್ದರೆ ಸಾಯುತ್ತದೆ. 2024ರಲ್ಲಿ ವಿಶಾಲ ಭಾಗ ಹೀಗೆ ಬೆಳ್ಳಗಾಗಿತ್ತು. ಸಂಜೆ ರಸ್ತೆ ದೀಪದ ಕೆಳಗೆ ದಪ್ಪ ಕಪ್ಪೆಗಳು ಕುಳಿತಿದ್ದವು. ಕಬ್ಬಿನ ದುಂಬಿ ತಿನ್ನಲೆಂದು 1935ರಲ್ಲಿ ಹವಾಯಿಯಿಂದ ಅದೇ ಸೀಮೆಗೆ ತಂದ ಜಾತಿ. ದುಂಬಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಬೆಳೆದವು. ಸಿಡ್ನಿಯ ಸೇತುವೆಯ ಬಗ್ಗೆ, ನಾಟಕಮಂದಿರದ ಬಗ್ಗೆ ನಾನು ಬರೆಯಬೇಕಿಲ್ಲ. ಚಿತ್ರದಲ್ಲಿ ಇದ್ದಂತೆಯೇ ಇವೆ.

ಊರಿಂದೂರಿಗೆ ಹೋಗುವಾಗ ಇವಳದೊಂದು ಪರೀಕ್ಷೆ ನಡೆದಿತ್ತು. ಮಧ್ಯಾಹ್ನ ಮೂರಕ್ಕೆ ಮನೆಯ ಮುಂದಿನ ಬೀದಿಯಲ್ಲಿ ನಿಂತು ಎಷ್ಟು ಜನ ಹಾದುಹೋಗುತ್ತಾರೆಂದು ಎಣಿಸುವುದು. ಮಗನ ಬಡಾವಣೆಯಲ್ಲಿ ಅರ್ಧ ತಾಸಿಗೆ ಇಬ್ಬರು, ಒಂದು ನಾಯಿ. 'ಮಾತಾಡ್ಸಾಕ ನಾಯಿನೇ ಆಗಬೇಕು' ಎಂದಿದ್ದಳು. ಅಡಿಲೇಡಿನ ಟ್ರಾಮ್ ನಿಲ್ದಾಣದ ಹತ್ತಿರ ಲೆಕ್ಕ ತಪ್ಪಿತು. ಅಲ್ಲಿ ಬೆಂಚಿನ ಮೇಲೆ ಗ್ರೀಸ್ ದೇಶದ ಮುದುಕಿಯೊಬ್ಬರು ದಿನವೂ ಕೂಡುತ್ತಿದ್ದರು. ಆಕೆಗೆ ಕನ್ನಡ ಬಾರದು, ಇವಳಿಗೆ ಗ್ರೀಕ್ ಬಾರದು, ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ. ಮೂರು ದಿನ ಇಬ್ಬರೂ ಹೆಣಿಕೆಯ ಬಗ್ಗೆ ಮಾತಾಡಿದರು.

ಮೊದಲ ನಿಲ್ದಾಣದಲ್ಲಿ ಯಂತ್ರದ ಮುಂದೆ ನಿಲ್ಲಲು ಹೆದರಿದವಳು ಸಿಡ್ನಿಯಲ್ಲಿ ನನ್ನನ್ನು ಹಿಂದಕ್ಕೆ ಸರಿಸಿ ತಾನೇ ಗುಂಡಿ ಒತ್ತಿ ಇಬ್ಬರ ಚೀಟಿಯನ್ನೂ ತೆಗೆದಳು. ಕಿಟಕಿ ಸೀಟಿನ ಚೀಟಿಯನ್ನು ತಾನಿಟ್ಟುಕೊಂಡಳು. ಮೆಲ್ಬೋರ್ನಿನಲ್ಲಿ ಮಗ ಬಾಗಿಲಲ್ಲೇ ನಿಂತಿದ್ದ. ಕಾರಿನಲ್ಲಿ ಕುಳಿತ ಮೇಲೆ ಅವನು ಅಳುಕುತ್ತಲೇ ಕೇಳಿದ: 'ಹೆಂಗ ಅನ್ನಿಸ್ತವ್ವ ನಮ್ಮ ದೇಶ?'

'ನಮ್ಮ' ಎಂಬುದನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಇವಳು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ, 'ನಿನ್ನ ಮನಿಗಿ ಉತ್ತರಕ್ಕ ಕಿಟಕಿ ಇಲ್ಲಪ್ಪ. ಮುಂದ ಮನಿ ಹಿಡಿಯಾಗ ಅದು ನೋಡು. ಟ್ರಾಮ್ ಹತ್ರ ಇರಬೇಕು, ಒಂದು ಬೆಂಚ್ ಇರಬೇಕು' ಎಂದಳು.