ನಿಜ ನುಡಿದವನ ಪಾಪ

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯೊಂದು ಬರುತ್ತದೆ. ಎಂದೆಂದಿಗೂ ಸತ್ಯವನ್ನೇ ನುಡಿಯುವೆನೆಂಬುದು ಅವನ ವ್ರತ. ಕಳ್ಳರಿಗೆ ಹೆದರಿದ ಜನ ಅವನಿದ್ದ ಕಾಡನ್ನು ಹೊಕ್ಕು ಅಡಗಿದರು. ಬೆನ್ನಟ್ಟಿ ಬಂದ ಕಳ್ಳರು ಎತ್ತ ಹೋದರೆಂದು ಕೇಳಲು, ಕೌಶಿಕ ಇದ್ದುದನ್ನು ಇದ್ದಂತೆ ಹೇಳಿದ. ಆ ಜನರ ಕೊಲೆಯಾಯಿತು; ಕೌಶಿಕನಿಗೆ ನರಕವಾಯಿತು. ಗಾಂಡೀವವನ್ನು ಬೇರೊಬ್ಬನಿಗೆ ಕೊಡೆಂದವನನ್ನು ಕೊಲ್ಲುವೆನೆಂಬ ಪ್ರತಿಜ್ಞೆಗೆ ಕಟ್ಟುಬಿದ್ದು ಅಣ್ಣನ ಮೇಲೆಯೇ ಕತ್ತಿ ಹಿರಿದ ಅರ್ಜುನನಿಗೆ ಕೃಷ್ಣ ಹೇಳುವ ಕಥೆಯಿದು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಎದುರಿಗೂ 1797ರಲ್ಲಿ ಹೆಚ್ಚುಕಡಮೆ ಇದೇ ಪ್ರಶ್ನೆ ಬಂದು ನಿಂತಿತು. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೆ? ಅಂಥವನಿಗೆ ಸತ್ಯವನ್ನು ಪಡೆಯುವ ಹಕ್ಕಿಲ್ಲವೆಂದು ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಂಟ್ ವಾದಿಸಿದ್ದ. ಕಾಂಟ್ ಒಪ್ಪಲಿಲ್ಲ. ಸುಳ್ಳಾಡಿದರೆ ಅದರಿಂದಾಗುವುದಕ್ಕೆಲ್ಲ ನೀನೇ ಹೊಣೆ. ನಿಜ ನುಡಿದರೆ ಮುಂದಿನದು ನಿನ್ನ ಲೆಕ್ಕಕ್ಕೆ ಸೇರದು ಎಂಬುದು ಅವನ ನಿಲುವು. 'ಇಲ್ಲ' ಎಂದು ನೀನು ಸುಳ್ಳು ಹೇಳಿದಾಗ, ಸ್ನೇಹಿತ ನಿನಗೆ ತಿಳಿಯದೆಯೇ ಹೊರಬಿದ್ದು ಕೊಲೆಗಾರನ ಕೈಗೇ ಸಿಕ್ಕಿದರೆ ಏನು ಗತಿ ಎಂದೂ ಕೇಳಿದ. ಫಲವನ್ನು ಎಣಿಸಬೇಡವೆಂದವನು ಇಲ್ಲಿ ತಾನೇ ಫಲದತ್ತ ಕಣ್ಣು ಹಾಯಿಸಿದನಲ್ಲ ಎಂದು ನನಗೆ ತುಸು ನಗೆ ಬರುವುದುಂಟು.

ಕೆಲಸದ ಬೆಲೆಯನ್ನು ಅದರ ಫಲದಿಂದಲೇ ಅಳೆಯಬೇಕೆಂದವನು ಇಂಗ್ಲೆಂಡಿನ ಜಾನ್ ಸ್ಟೂಯರ್ಟ್ ಮಿಲ್. 1861ರಲ್ಲಿ ಅವನು ಸತ್ಯದ ನಿಯಮಕ್ಕೆ ವಿನಾಯಿತಿ ಕೊಡುವಾಗ ಎರಡು ಉದಾಹರಣೆ ಹೇಳಿದ: ಕೇಡಿಗನಿಂದ ವಿಷಯವನ್ನು ಬಚ್ಚಿಡುವುದು, ಕಠಿಣವಾದ ಕಾಯಿಲೆಯಲ್ಲಿರುವವರಿಂದ ಕೆಟ್ಟ ಸುದ್ದಿಯನ್ನು ಬಚ್ಚಿಡುವುದು. ಮೊದಲನೆಯದನ್ನು ನಾನು ಪುಸ್ತಕದಲ್ಲಿ ಮಾತ್ರ ಬಲ್ಲೆ. ಎರಡನೆಯದು ನಮ್ಮ ಮನೆಗೇ ಬಂದಿತು.

ತಂದೆಯವರ ರೋಗ ವಾಸಿಯಾಗುವಂಥದಲ್ಲವೆಂದು ಡಾಕ್ಟರು ನನ್ನನ್ನೂ ಅಕ್ಕನನ್ನೂ ಹೊರಗೆ ಕರೆದು ತಿಳಿಸಿದರು. ಅವರಿಗೆ ಹೇಳಕೂಡದೆಂದು ಅಕ್ಕ ಕಣ್ಣೀರಿಟ್ಟಳು. ಮೂರನೆಯ ದಿನ ತಂದೆಯವರೇ, "ಏನಂದರಪ್ಪ ಡಾಕ್ಟರು?" ಎಂದು ನೇರವಾಗಿ ಕೇಳಿದರು. ನಾನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಲೆಕ್ಕದ ಪುಸ್ತಕ ತರಿಸಿದರು. ಒಂದೆರಡು ಕೈಗಡ ತೀರಿಸಿದರು. ಹನ್ನೆರಡು ವರ್ಷಗಳಿಂದ ಮಾತು ಬಿಟ್ಟಿದ್ದ ಚಿಕ್ಕಪ್ಪನನ್ನು ಕರೆಸಿ, ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಂಡರು. ಆದರೆ ಅಂದಿನಿಂದ ರಾತ್ರಿ ದೀಪ ಆರಿಸಲು ಬಿಡಲಿಲ್ಲ.

ಚಿಕ್ಕಪ್ಪನ ಊಟವನ್ನು ಒಂದು ತಟ್ಟೆಗೂ ಆ ದೀಪವನ್ನು ಇನ್ನೊಂದಕ್ಕೂ ಹಾಕಿ ತೂಗುವ ತಕ್ಕಡಿ ಮಿಲ್ಲನಲ್ಲಿ ಇದ್ದೀತು, ನನ್ನಲ್ಲಿಲ್ಲ. ನಾನು ನಿಜ ಹೇಳಿದ್ದು ಫಲವನ್ನೆಣಿಸಿ ಅಲ್ಲ. ಅವರು ಕೇಳಿದ್ದು ಅವರದೇ ಆಯುಸ್ಸಿನ ಮಾತೆಂದು. ಕೌಶಿಕನೆದುರು ನಿಂತವರು ಕೊಲ್ಲಬಂದವರು. ಕೇಳುವವರು ಯಾರೆಂಬುದನ್ನು ಅವನ ವ್ರತ ನೋಡಲೇ ಇಲ್ಲ. ಈ ವಿಷಯದಲ್ಲಿ ನಾನು ಕಾನ್‌ಸ್ಟಂಟನ ಪಕ್ಷದವನು. ಅಕ್ಕನಿಗೆ ಹೇಳಿದರೆ, ಇದೆಲ್ಲ ಪುಸ್ತಕದವರ ವಾದ ಎನ್ನುತ್ತಾಳೆ. ಆ ರಾತ್ರಿಗಳಲ್ಲಿ ಅವರ ಹಾಸಿಗೆಯ ಬಳಿ ಎದ್ದು ಕುಳಿತಿರುತ್ತಿದ್ದವಳು ಅವಳೇ.